ಕಾವೇರಿಯ ಕೊನೆಯ ಹತ್ತು ಅಡಿ: ಗಾಲಿಕುರ್ಚಿಯಲ್ಲಿರುವವರು ನೀರು ಮುಟ್ಟುವುದು ಹೇಗೆ?

ಕುವೆಂಪುನಗರದ ಮಗಳು

ಅಪ್ಪ ಹೋದ ಮೇಲೆ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಕಡೆಯ ಒಂದು ಸ್ನಾನಘಟ್ಟಕ್ಕೆ ಹೋಗಿದ್ದೆವು. ಯಾವ ಘಟ್ಟ ಎಂದು ಕೇಳಬೇಡಿ, ಹೇಳಿದರೆ ಮಾತೆಲ್ಲ ಆ ಒಂದರ ಮೇಲೆಯೇ ನಿಂತುಬಿಡುತ್ತದೆ. ಅಮ್ಮನಿಗೆ ಎಪ್ಪತ್ತೊಂದು ವರ್ಷ. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಮನೆಯಿಂದ ಹೊರಟರೆ ಗಾಲಿಕುರ್ಚಿಯೇ ಗತಿ.

ಕಾರು ನಿಲ್ಲಿಸಿದ ಜಾಗದಿಂದ ಕಲ್ಲುಹಾಸಿನ ಮೇಲೆ ಕುರ್ಚಿ ಸಲೀಸಾಗಿ ಉರುಳಿತು. ಆಮೇಲೆ ಮೆಟ್ಟಿಲು. ಎಣಿಸಿದೆ, ಇಪ್ಪತ್ತನಾಲ್ಕು. ಅಣ್ಣ, ಭಾವ ಇಬ್ಬರೂ ಕುರ್ಚಿ ಸಮೇತ ಎತ್ತಿಕೊಂಡು ಇಳಿಯುತ್ತೇವೆ ಎಂದು ಹೊರಟರು. ಆರನೇ ಮೆಟ್ಟಿಲಿಗೆ ಅಣ್ಣನ ಸೊಂಟ ಹಿಡಿದುಕೊಂಡಿತು, ಕುರ್ಚಿ ವಾಲಿತು. ಅಮ್ಮ ಸರಿಯಿರುವ ಕೈಯಿಂದ ಭಾವನ ಕಾಲರ್ ಗಟ್ಟಿಯಾಗಿ ಹಿಡಿದು ‘ಸಾಕು, ನನ್ನನ್ನು ಮೇಲೆಯೇ ಬಿಡಿ’ ಎಂದರು. ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದವರ ಅಸ್ಥಿ ನೀರಿಗೆ ಬೀಳುವ ಹೊತ್ತಿನಲ್ಲಿ ಅಮ್ಮ ಹಣ್ಣುಕಾಯಿ ಅಂಗಡಿಯ ಛತ್ರಿಯ ಕೆಳಗೆ ಕುಳಿತಿದ್ದರು. ಅಣ್ಣ ಚೊಂಬಿನಲ್ಲಿ ನೀರು ತಂದು ತಲೆಗೆ ಪ್ರೋಕ್ಷಣೆ ಮಾಡಿದ. ಅಮ್ಮ ಕೇಳಿದ್ದು ಇಷ್ಟೇ: ‘ನೀರು ಎಷ್ಟಿದೆಯಪ್ಪ ಇವತ್ತು, ಮಂಡಿಯವರೆಗೆ ಬಂತೇ?’

ಚೆನ್ನೈಯಲ್ಲಿರುವ ನನ್ನ ತಂಗಿ ಇದನ್ನು ಕೇಳಿ ಮರೀನಾ ಕಡಲತೀರದ ಚಿತ್ರ ಕಳುಹಿಸಿದಳು. ಅಲ್ಲಿ 2022ರ ನವೆಂಬರ್‌ನಲ್ಲಿ ಮರಳಿನ ಮೇಲೆ 263 ಮೀಟರ್ ಉದ್ದದ ಮರದ ದಾರಿ ಹಾಕಿದ್ದಾರೆ. ಗಾಲಿಕುರ್ಚಿಯವರು ರಸ್ತೆ ಬದಿಯಿಂದ ಅಲೆಯ ಹತ್ತಿರದವರೆಗೆ ಹೋಗಬಹುದು. ಅಷ್ಟು ದೊಡ್ಡ ಸಮುದ್ರಕ್ಕೆ ಆಗುವುದಾದರೆ ನಮ್ಮ ಹೊಳೆಗೆ ಏಕೆ ಆಗುವುದಿಲ್ಲ? ಯಾರನ್ನು ಕೇಳಬೇಕು, ಏನೆಂದು ಕೇಳಬೇಕು, ತಿಳಿದವರು ಹೇಳಿ.

ನಿವೃತ್ತ ಓವರ್‌ಸಿಯರ್, ಮಂಡ್ಯ

ಅಮ್ಮನವರ ವಿಷಯ ಓದಿ ಬೇಸರವಾಯಿತು. ನನಗೆ ತಿಳಿದಿರುವುದು ಲೆಕ್ಕ, ಅದನ್ನೇ ಹೇಳುತ್ತೇನೆ.

ಗಾಲಿಕುರ್ಚಿಯ ರ‍್ಯಾಂಪ್‌ಗೆ ಒಂದಕ್ಕೆ ಹನ್ನೆರಡು ಎಂಬ ನಿಯಮವಿದೆ. ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ ಇಪ್ಪತ್ತನಾಲ್ಕು ಮೆಟ್ಟಿಲನ್ನು ತಲಾ ಅರ್ಧ ಅಡಿ ಎಂದು ಹಿಡಿದರೆ ಒಟ್ಟು ಹನ್ನೆರಡು ಅಡಿ ಆಳ. ಹನ್ನೆರಡು ಹನ್ನೆರಡಲೆ ನೂರ ನಲವತ್ತನಾಲ್ಕು ಅಡಿ. ಪ್ರತಿ ಒಂಬತ್ತು ಮೀಟರಿಗೆ ಒಂದೂವರೆ ಮೀಟರಿನ ಸಮತಟ್ಟು ನಿಲುಗಡೆ ಬೇಕು, ಇಲ್ಲದಿದ್ದರೆ ತಳ್ಳುವವರ ಕೈ ಸೋತುಹೋಗುತ್ತದೆ. ಅಂಥವು ನಾಲ್ಕು ಬರುತ್ತವೆ, ಇನ್ನೂ ಇಪ್ಪತ್ತು ಅಡಿ. ಒಟ್ಟು ನೂರ ಅರವತ್ತು ಅಡಿಯ ಮೇಲೆ. ನೇರವಾಗಿ ಹೊಳೆಗೆ ಬಿಟ್ಟರೆ ಆಚೆ ದಡ ಮುಟ್ಟುತ್ತೇವೆ! ಹಾಗಾಗಿ ದಡಕ್ಕೆ ಸಮಾನಾಂತರವಾಗಿ, ಗೋಡೆಗೆ ಒರಗಿಸಿಕೊಂಡು ಇಳಿಸಬೇಕು. ಎರಡೂ ಪಕ್ಕ ಹಿಡಿದುಕೊಳ್ಳಲು ಕಂಬಿ, ಅದೂ ಎರಡು ಎತ್ತರದಲ್ಲಿ: 76 ಮತ್ತು 90 ಸೆಂಟಿಮೀಟರ್.

ಸಾಮಾನ್ಯವಾಗಿ ಆಗುವುದೇನೆಂದರೆ, ಜಾಗ ಇಷ್ಟೇ ಇರುವುದು ಎಂದು ಗುತ್ತಿಗೆದಾರರು ಮೂರು ಮೆಟ್ಟಿಲಿನ ಮೇಲೆ ಕಾಂಕ್ರೀಟ್ ಸುರಿದು ಒಂದಕ್ಕೆ ನಾಲ್ಕರ ಇಳಿಜಾರು ಮಾಡಿ ಬಿಲ್ ಬರೆಸಿಕೊಳ್ಳುತ್ತಾರೆ. ಅದು ಮೂಟೆ ಉರುಳಿಸುವುದಕ್ಕೆ ಸರಿ. ನಾನು ಸೇವೆಯಲ್ಲಿದ್ದಾಗ ಅಂಥ ಒಂದೆರಡಕ್ಕೆ ಸಹಿ ಹಾಕಿದವನೇ. ಆಗ ನನ್ನ ಮಂಡಿ ಗಟ್ಟಿಯಿತ್ತು.

ಮತ್ತೊಂದು ತೊಡಕು: ಮರೀನಾದ ದಾರಿ ಅಲೆಯಿಂದ ಸ್ವಲ್ಪ ಈಚೆಗೇ ನಿಲ್ಲುತ್ತದೆ. ಹೊಳೆಯಲ್ಲಿ ನೀರಿನ ಅಂಚೇ ನಿಲ್ಲುವುದಿಲ್ಲ. ಕೆ.ಆರ್.ಎಸ್‌.ನಲ್ಲಿ 124.80 ಅಡಿ ತುಂಬಿ ಗೇಟು ಎತ್ತಿದರೆ ಒಂದು ಲೆಕ್ಕ, ಏಪ್ರಿಲ್‌ನಲ್ಲಿ ಬಂಡೆ ಕಾಣುವಾಗ ಇನ್ನೊಂದು ಲೆಕ್ಕ. ರ‍್ಯಾಂಪ್‌ನ ಕೊನೆ ಎಲ್ಲಿ ಎಂಬುದೇ ಪ್ರಶ್ನೆ.

ಕಬ್ಬಿನಗದ್ದೆ

ಯಾರಿಗೂ ನೋವು ಮಾಡಲು ಹೇಳುತ್ತಿಲ್ಲ. ನೂರ ಅರವತ್ತು ಅಡಿ ಕಲ್ಲು ಕೆಲಸ ಎಂದರೆ ಸಣ್ಣ ದುಡ್ಡಲ್ಲ. ನಾನು ಪ್ರತಿ ಅಮಾವಾಸ್ಯೆಗೆ ಹೊಳೆಗೆ ಹೋಗುವವನು. ಗಾಲಿಕುರ್ಚಿಯಲ್ಲಿ ಬಂದವರನ್ನು ವರ್ಷಕ್ಕೆ ಇಬ್ಬರನ್ನು ಕಂಡರೆ ಹೆಚ್ಚು. ಬಟ್ಟೆ ಬದಲಿಸಲು ಹೆಂಗಸರಿಗೆ ಸರಿಯಾದ ಕೋಣೆ ಇಲ್ಲ. ಮೊದಲು ಅದಾಗಲಿ. ಇಬ್ಬರಿಗೋಸ್ಕರ ಇಷ್ಟೆಲ್ಲ ಬೇಕೇ ಎಂದು ಪಂಚಾಯಿತಿಯಲ್ಲಿ ಕೇಳಿದರೆ ನೀವು ಏನು ಉತ್ತರ ಕೊಡುತ್ತೀರಿ?

ಹಣ್ಣುಕಾಯಿ ಅಂಗಡಿ

ಉತ್ತರ ನಾನು ಕೊಡುತ್ತೇನೆ ಅಣ್ಣ. ನನ್ನ ಅಂಗಡಿ ಇರುವುದು ವಾಹನ ನಿಲ್ಲಿಸುವ ಜಾಗದ ಬಾಯಲ್ಲಿ. ನೀವು ನೋಡುವುದು ಮೆಟ್ಟಿಲಿನ ಕಡೆ, ನಾನು ನೋಡುವುದು ಕಾರಿನ ಕಡೆ. ಮಹಾಲಯ ಅಮಾವಾಸ್ಯೆಯ ದಿನ ಎಲ್ಲರೂ ಇಳಿದು ಹೋದ ಮೇಲೆ ಕಾರಿನೊಳಗೆ ಕುಳಿತೇ ಇರುವವರು ಎಷ್ಟು ಜನ ಗೊತ್ತೇ? ಮಂಡಿ ಹೋದ ಅಜ್ಜಿಯರು, ಊರುಗೋಲು ಹಿಡಿದ ಯಜಮಾನರು, ಕಾಲಿಗೆ ಸಿಮೆಂಟ್ ಪಟ್ಟಿ ಕಟ್ಟಿಸಿಕೊಂಡ ಹುಡುಗರು, ತಿಂಗಳು ತುಂಬಿದ ಬಸುರಿಯರು. ಕಿಟಕಿ ಇಳಿಸಿ ‘ಒಂದು ಎಳನೀರು ಕೊಡಮ್ಮ’ ಎನ್ನುತ್ತಾರೆ. ಹೋದ ವರ್ಷ ಬೆಳಿಗ್ಗೆ ಆರರಿಂದ ಹತ್ತರೊಳಗೆ ಕಿಟಕಿಯಲ್ಲೇ ಮೂವತ್ತೊಂದು ಎಳನೀರು ಕೊಟ್ಟೆ. ಲೆಕ್ಕ ಏಕೆ ನೆನಪಿದೆ ಎಂದರೆ ಅಷ್ಟು ಸಲ ಅಂಗಡಿ ಬಿಟ್ಟು ಎದ್ದು ಹೋಗಬೇಕಾಯಿತು.

ಬಟ್ಟೆ ಬದಲಿಸುವ ಕೋಣೆ ಬೇಕು ಎಂದಿರಿ, ಒಳ್ಳೆಯದು. ಅದರ ಬಾಗಿಲಿಗೂ ಎರಡು ಮೆಟ್ಟಿಲು ಕಟ್ಟದಿರಲಿ.

ಹರಿಗೋಲಿನವನ ಮಗ

ಅಪ್ಪ ಹರಿಗೋಲು ಹಾಕುತ್ತಿದ್ದವರು, ನಾನು ಮೈಸೂರಿನಲ್ಲಿ ಕೆಲಸಕ್ಕಿದ್ದೇನೆ. ಇಳಿಜಾರು ಕಟ್ಟಿದರೆ ಮೊದಲು ಇಳಿಯುವುದು ಗಾಲಿಕುರ್ಚಿಯಲ್ಲ, ಬೈಕು. ಆಮೇಲೆ ಆಟೊ, ಆಮೇಲೆ ಟ್ರ್ಯಾಕ್ಟರ್. ನೀರಿನೊಳಗೇ ನಿಲ್ಲಿಸಿ ತೊಳೆಯುತ್ತಾರೆ. ನಮ್ಮೂರ ದಡದಲ್ಲಿ ದನ ಇಳಿಯಲು ಮಾಡಿದ್ದ ಮಣ್ಣಿನ ಇಳಿಜಾರಿನ ಕಥೆ ಹಾಗೆಯೇ ಆಯಿತು. ಎಣ್ಣೆ ಹರಡಿ ಮೀನು ಆ ಕಡೆ ಬರುವುದನ್ನೇ ಬಿಟ್ಟಿತು.

ಇಳಿಜಾರಿನ ಬಾಯಲ್ಲಿ ಕಂಬ ನೆಟ್ಟರಾಯಿತು ಎಂದು ನೀವು ಹೇಳಬಹುದು. ಗಾಲಿಕುರ್ಚಿ ಹೋಗಲು ಮೂರು ಅಡಿ ಸಂದು ಬಿಡಬೇಕು. ಮೂರು ಅಡಿಯಲ್ಲಿ ಬೈಕೂ ಹೋಗುತ್ತದೆ.

ನಿವೃತ್ತ ಓವರ್‌ಸಿಯರ್, ಮಂಡ್ಯ

ಹರಿಗೋಲಿನವರು ಹೇಳಿದ್ದಕ್ಕೆ ನನ್ನ ಬಳಿ ಕಲ್ಲಿನ ಉತ್ತರವಿಲ್ಲ. ಬೈಕಿಗೆ ತಿರುಗಲಾಗದಂತೆ ಅಡ್ಡಗಟ್ಟೆ ಇಟ್ಟರೆ ಉದ್ದ ಕುರ್ಚಿಗೂ ತಿರುಗಲಾಗುವುದಿಲ್ಲ. ಅಲ್ಲಿಗೆ ಒಬ್ಬ ಮನುಷ್ಯನೇ ಬೇಕು. ಮನುಷ್ಯನ ಸಂಬಳ ಅಂದಾಜುಪಟ್ಟಿಯಲ್ಲಿ ಬರುವುದಿಲ್ಲ, ಅದೇ ನಮ್ಮ ಇಲಾಖೆಗಳ ಹಣೆಬರಹ. ಕಟ್ಟುವುದಕ್ಕೆ ಹಣ ಉಂಟು, ಕಾಯುವುದಕ್ಕೆ ಇಲ್ಲ.

ಆರು ಚುಕ್ಕಿ

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈ ಬರಹಗಳನ್ನೆಲ್ಲ ಮೊಬೈಲ್ ನನಗೆ ಓದಿ ಹೇಳುತ್ತಿದೆ. ಎಲ್ಲರೂ ಚಕ್ರದ ಬಗ್ಗೆಯೇ ಮಾತನಾಡುತ್ತಿದ್ದೀರಿ, ತಪ್ಪಲ್ಲ. ನನಗೆ ಮೆಟ್ಟಿಲು ತೊಂದರೆಯೇ ಅಲ್ಲ. ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂಬುದು ತೊಂದರೆ.

ಹಳೆಯ ಘಟ್ಟಗಳಲ್ಲಿ ಒಂದು ಮೆಟ್ಟಿಲು ಅರ್ಧ ಅಡಿ, ಮುಂದಿನದು ಮುಕ್ಕಾಲು, ಅದರ ಮುಂದಿನದು ಸವೆದು ಇಳಿಜಾರು. ಕಾಲಿಗೆ ಒಂದು ಲಯ ಸಿಕ್ಕಿತು ಎನ್ನುವಷ್ಟರಲ್ಲಿ ತಪ್ಪುತ್ತದೆ. ನೀರಿನ ಸದ್ದು ದಾರಿ ತೋರಿಸುತ್ತದೆ ಎಂದುಕೊಳ್ಳುತ್ತಾರೆ. ಕಲ್ಲಿಗೆ ಬಡಿದ ಸದ್ದು ಎಲ್ಲ ಕಡೆಯಿಂದಲೂ ಬರುತ್ತದೆ, ಸಾಲದ್ದಕ್ಕೆ ಮಂತ್ರ, ಮೈಕು. ನನಗೆ ಬೇಕಾದದ್ದು ಮೇಲಿನಿಂದ ನೀರಿನೊಳಗಿನ ಎರಡು ಮೆಟ್ಟಿಲಿನವರೆಗೆ ಕಡಿಯದೆ ಬರುವ ಒಂದೇ ಒಂದು ಕಂಬಿ, ಮೊದಲ ಮೆಟ್ಟಿಲಿನ ಮುಂಚೆ ಉಬ್ಬು ಚುಕ್ಕಿಯ ಹಾಸುಗಲ್ಲು, ನೀರಿಗೆ ಮುಟ್ಟುವ ಮೆಟ್ಟಿಲಿನ ಮುಂಚೆ ಮತ್ತೊಂದು. ಮಬ್ಬುಗಣ್ಣಿನ ಹಿರಿಯರಿಗೆ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ. ಇದಕ್ಕೆ ನೂರ ಅರವತ್ತು ಅಡಿ ಬೇಕಿಲ್ಲ.

ಒಂದು ಅಡ್ಡಮಾತು. ನನ್ನನ್ನು ‘ವಿಶೇಷಚೇತನ’ ಎಂದು ಕರೆದು ಕೈಹಿಡಿದು ಪಕ್ಕದ ಕಟ್ಟೆಯ ಮೇಲೆ ಕೂರಿಸುವವರು ಬಹಳ. ಕುರುಡ ಎನ್ನಿ, ಬೇಸರವಿಲ್ಲ, ಕಂಬಿ ಹಾಕಿಸಿ.

ಮಾನಸಗಂಗೋತ್ರಿ ಪಕ್ಕದ ಮನೆ

ಮಗನಿಗೆ ಕಿವಿ ಕೇಳುವುದಿಲ್ಲ. ವಾಕ್ ಶ್ರವಣ ಸಂಸ್ಥೆಗೆ ತೋರಿಸಲು ಬಂದು ಮೈಸೂರಿನಲ್ಲಿಯೇ ನೆಲೆಸಿದೆವು. ಹೊಳೆಯ ಬಳಿ ನಡೆದದ್ದು ಹೇಳುತ್ತೇನೆ. ಮಕ್ಕಳೆಲ್ಲ ಮೊಣಕಾಲು ನೀರಿನಲ್ಲಿ ಆಡುತ್ತಿದ್ದರು. ನೀರು ಏರುತ್ತಿದೆ ಎಂದು ಕಾವಲಿನವರು ಸೀಟಿ ಊದಿದರು. ಎಲ್ಲರೂ ಓಡಿ ಬಂದರು, ನನ್ನ ಮಗ ಬೆನ್ನು ತಿರುಗಿಸಿ ಮೀನು ನೋಡುತ್ತಾ ನಿಂತಿದ್ದ. ಕಾವಲಿನವರು ಬೈಯುತ್ತಿದ್ದರು, ಅವನಿಗೆ ಅದೂ ಕೇಳಿಸಲಿಲ್ಲ. ಅವರ ತಪ್ಪಲ್ಲ, ಅವರ ಕೈಯಲ್ಲಿ ಕೊಟ್ಟಿದ್ದೇ ಸೀಟಿ.

ಅಣೆಕಟ್ಟೆಯಿಂದ ಹೆಚ್ಚು ನೀರು ಬಿಡುವಾಗ ತಗ್ಗು ಪ್ರದೇಶಗಳಿಗೆ ಎಚ್ಚರಿಕೆ ಕೊಡುತ್ತಾರಲ್ಲ, ಘಟ್ಟಗಳಲ್ಲಿ ಅದರ ಜೊತೆಗೆ ಮಿನುಗುವ ಕೆಂಪು ದೀಪವೂ ಇರಲಿ. ಹಗಲಿಗೆ ಕೆಂಪು ಬಾವುಟ. ಇಷ್ಟೇ ನನ್ನ ಬೇಡಿಕೆ. ಇದರಿಂದ ಸ್ಪೀಕರ್ ಹಾಕಿಕೊಂಡು ಕುಣಿಯುವ ಹುಡುಗರಿಗೂ ಅನುಕೂಲ, ಅವರಿಗೂ ಆ ಹೊತ್ತಿನಲ್ಲಿ ಕಿವಿ ಕೇಳುವುದಿಲ್ಲ.

ಪಡುವಣ ಕಡಲು

ಉಡುಪಿಯ ಕಡೆಯವನು, ಮೈಸೂರಿನಲ್ಲಿದ್ದೇನೆ. ನಮ್ಮ ರಾಜ್ಯದ ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಅದಕ್ಕೆ 33 ಮಾನದಂಡಗಳಿವೆ: ನೀರಿನ ಶುದ್ಧತೆ, ಕಸ, ಜೀವರಕ್ಷಕರು ಇತ್ಯಾದಿ. ಅಂಗವಿಕಲರಿಗೆ ದಾರಿ ಮತ್ತು ಸೌಲಭ್ಯ ಎಂಬುದೂ ಅದರಲ್ಲಿ ಸೇರಿದೆ. ಬಾವುಟ ಒಮ್ಮೆ ಕೊಟ್ಟರೆ ಜೀವನಪೂರ್ತಿ ಅಲ್ಲ, ಪ್ರತಿ ವರ್ಷ ನವೀಕರಣ. ನನಗೆ ಹಿಡಿಸಿದ್ದು ಇದು. ನಮ್ಮಲ್ಲಿ ಉದ್ಘಾಟನೆಯ ಟೇಪ್ ಕತ್ತರಿಸಿದ ಮೇಲೆ ಯಾರು ಪರೀಕ್ಷೆ ಮಾಡುತ್ತಾರೆ?

ಸಮುದ್ರಕ್ಕೆ ತೇಲುವ ಗಾಲಿಕುರ್ಚಿಯೂ ಉಂಟು. ಬಲೂನಿನಂಥ ದಪ್ಪ ಚಕ್ರ, ಮರಳಿನಲ್ಲಿ ಹೂತುಹೋಗುವುದಿಲ್ಲ, ನೀರಿನಲ್ಲಿ ತೇಲುತ್ತದೆ. ಸಹಾಯಕ್ಕೆ ಜೀವರಕ್ಷಕರು ಇರಲೇಬೇಕು. ಹಾಗೆಂದು ಅದನ್ನು ತಂದು ಕಾವೇರಿಗೆ ಇಳಿಸಬೇಡಿ. ಅಲೆ ಹೊರಗೆ ತಂದು ಬಿಡಬಹುದು, ಹೊಳೆ ತೆಗೆದುಕೊಂಡು ಹೋಗುತ್ತದೆ. ಸಂಗಮದಲ್ಲಿ ಎರಡು ಕವಲು ಕೂಡುವ ಕಡೆ ಮೇಲೆ ಸುಮ್ಮನಿದ್ದಂತೆ ಕಾಣುವ ನೀರಿನ ಒಳಸೆಳೆತ ಈಜು ಬಲ್ಲವರಿಗೇ ತಿಳಿಯುವುದಿಲ್ಲ.

ಮೂರು ಚಕ್ರ

ಪೋಲಿಯೊದಿಂದ ಎರಡೂ ಕಾಲಿಗೆ ಶಕ್ತಿಯಿಲ್ಲ, ಮೂರು ಚಕ್ರದ ಸ್ಕೂಟರ್ ಓಡಿಸುತ್ತೇನೆ. ರ‍್ಯಾಂಪ್, ಕಂಬಿ, ದೀಪ, ಎಲ್ಲ ಬೇಕು. ನಾನು ಎಲ್ಲಿಗಾದರೂ ಹೊರಡುವ ಮುಂಚೆ ಯೋಚಿಸುವುದು ಬೇರೆ. ಅಲ್ಲಿ ಶೌಚಾಲಯಕ್ಕೆ ಹೋಗಲು ಆಗುತ್ತದೆಯೇ? ಆಗುವುದಿಲ್ಲ ಎಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತೇನೆ. ಹೊಳೆ ನೋಡಲು ಹೋಗುವವನು ಬಾಯಾರಿಕೊಂಡು ಹೋಗಬೇಕು!

ಒಂದು ಪ್ರವಾಸಿ ತಾಣದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದ ಚೆಂದದ ಶೌಚಾಲಯವಿತ್ತು. ಬೀಗ. ಬೀಗದ ಕೈ ಟಿಕೆಟ್ ಕೌಂಟರಿನವರ ಹತ್ತಿರ, ಅವರು ಊಟಕ್ಕೆ. ಮುಕ್ಕಾಲು ಗಂಟೆ ಕಾದು ತೆರೆಸಿದರೆ ಒಳಗೆ ಪೊರಕೆ, ಫಿನಾಯಿಲ್ ಡಬ್ಬ, ಮುರಿದ ಫಲಕಗಳು. ಎರಡು ಮೀಟರ್ ಅಗಲ, ಎರಡು ಮೀಟರ್ ಇಪ್ಪತ್ತು ಉದ್ದ, ಹೊರಕ್ಕೆ ತೆರೆಯುವ ಬಾಗಿಲು, ಎರಡು ಪಕ್ಕ ಹಿಡಿಕೆ, ಎಲ್ಲವೂ ನಿಯಮದಂತೆಯೇ ಇತ್ತು. ಜಾಗ ವಿಶಾಲವಾಗಿದ್ದುದರಿಂದಲೇ ಅದು ಉಗ್ರಾಣವಾಗಿತ್ತು.

ಕಡತ

ಯಾರನ್ನು ಕೇಳಬೇಕು ಎಂದು ಮೊದಲೇ ಕೇಳಿದ್ದರು, ಯಾರೂ ಹೇಳಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳನ್ನು ಎಲ್ಲರಿಗೂ ಸುಗಮವಾಗಿಸಬೇಕು ಎನ್ನುತ್ತದೆ. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳಿಗೆ ನಿಯಮ ಬಂದಂದಿನಿಂದ ಐದು ವರ್ಷ ಗಡುವಿತ್ತು. ನಿಯಮ ಬಂದದ್ದು 2017ರಲ್ಲಿ, ಲೆಕ್ಕ ನೀವೇ ಹಾಕಿ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡ ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು.

ಹಣದ ಮಾತು, ಕಬ್ಬಿನಗದ್ದೆಯವರಿಗೆ: ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುಪಾಲು ಅವರೂ ಅಂಗವಿಕಲರೇ, ಮೊದಲು ಅವರನ್ನು ಹಿಡಿಯಿರಿ. ಅರ್ಜಿಯಲ್ಲಿ ‘ಸೌಲಭ್ಯ ಕಲ್ಪಿಸಿಕೊಡಿ’ ಎಂದು ಬರೆದರೆ ‘ಪರಿಶೀಲಿಸಲಾಗುವುದು’ ಎಂದು ಬರುತ್ತದೆ. ಅಳತೆ ಬರೆಯಿರಿ, ಎಷ್ಟು ಮೆಟ್ಟಿಲು, ಎಷ್ಟು ಆಳ, ಕಂಬಿ ಎಲ್ಲಿ ತುಂಡಾಗಿದೆ ಎಂದು. ಅಳತೆ ಇರುವ ಅರ್ಜಿಯನ್ನು ಕಡತದಲ್ಲಿ ಮಲಗಿಸುವುದು ಸ್ವಲ್ಪ ಕಷ್ಟ. ಆ ಕೆಲಸ ನನ್ನದೇ ಆಗಿತ್ತು.

ಇನ್ನೊಂದು, ಶ್ರೀರಂಗಪಟ್ಟಣದಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ಅನುಮತಿ ಬೇಕಾದ ಪ್ರದೇಶ. ಕೋಟೆಯ ಪಕ್ಕದ ಘಟ್ಟದಲ್ಲಿ ಕಾಂಕ್ರೀಟ್ ಕನಸು ಕಾಣಬೇಡಿ.

ನಿವೃತ್ತ ಓವರ್‌ಸಿಯರ್, ಮಂಡ್ಯ

ಹಾಗಿದ್ದರೆ ಬಿಚ್ಚಿ ಜೋಡಿಸುವಂಥದ್ದೇ ಸರಿ. ಮರೀನಾದ ದಾರಿಗೂ ತೆರೆದ ಒಂದೆರಡು ವಾರದಲ್ಲಿಯೇ ಮಾಂಡೌಸ್ ಚಂಡಮಾರುತ ಬಡಿದು ಒಂದಷ್ಟು ಭಾಗ ಕಿತ್ತುಹೋಗಿತ್ತು, ರಿಪೇರಿ ಮಾಡಿದರು. ನಮಗೆ 2019ರ ಆಗಸ್ಟ್‌ನಂತೆ ಲಕ್ಷ ಕ್ಯುಸೆಕ್ ದಾಟಿ ನೀರು ಬಂದರೆ ಏನೂ ಉಳಿಯುವುದಿಲ್ಲ. ಆರೇಳು ಅಡಿಯ ಕಬ್ಬಿಣದ ಚೌಕಟ್ಟುಗಳು, ಮೇಲೆ ಜಾಲರಿ ಹಲಗೆ, ಮಳೆಗಾಲಕ್ಕೆ ಮುಂಚೆ ಬಿಚ್ಚಿಡುವುದು. ನೀರು ಇಳಿದಂತೆ ಒಂದೊಂದು ತುಂಡು ಸೇರಿಸುತ್ತಾ ಹೋದರೆ ಅಂಚಿನ ಪ್ರಶ್ನೆಯೂ ಬಗೆಹರಿಯುತ್ತದೆ.

ಕಬ್ಬಿನಗದ್ದೆ

ಬಿಚ್ಚಿಟ್ಟ ಕಬ್ಬಿಣ ಮಳೆಗಾಲ ಮುಗಿಯುವವರೆಗೆ ಗುಜರಿಗೆ ಹೋಗದೆ ಉಳಿಯುತ್ತದೆಯೇ? ಸುಮ್ಮನೆ ಕೇಳಿದೆ.

ಹರಿಗೋಲಿನವನ ಮಗ

ಘಟ್ಟವನ್ನೇ ಏಕೆ ಹಿಡಿದುಕೊಂಡಿದ್ದೀರಿ? ನಮ್ಮ ಜಿಲ್ಲೆಗಳಲ್ಲಿ ಕಡಲತೀರ ಎಂದು ಕರೆಯಬಹುದಾದದ್ದು ಇದ್ದರೆ ಅದು ತಲಕಾಡು. ಬೇಸಿಗೆಯಲ್ಲಿ ಅಲ್ಲಿ ಹೊಳೆ ಅಗಲವಾಗಿ, ತೆಳ್ಳಗೆ, ಮರಳಿನ ಮೇಲೆ ಹರಿಯುತ್ತದೆ. ಮೆಟ್ಟಿಲಿಲ್ಲ, ಪಾಚಿಯಿಲ್ಲ. ತೊಂದರೆ ಒಂದೇ, ಮರಳು. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಮೂರು ಹೆಜ್ಜೆಗೇ ಹೂತುಹೋಗುತ್ತದೆ.

ನಾನು ಹರಿಗೋಲಿನವರ ಜೊತೆ ಮಾತನಾಡಿದೆ. ಅವರು ದಿನಾ ಹರಿಗೋಲನ್ನು ಮರಳಿನ ಮೇಲೆ ಎಳೆಯುವವರು. ಮುಂದಕ್ಕೆ ತಳ್ಳಬಾರದಂತೆ, ಕುರ್ಚಿಯನ್ನು ತಿರುಗಿಸಿ ಹಿಂದಕ್ಕೆ ಎಳೆಯಬೇಕಂತೆ, ದೊಡ್ಡ ಚಕ್ರ ಮುಂದಾಗುವ ಹಾಗೆ. ಅದರ ಕೆಳಗೆ ಹಲಗೆ. ಅಕ್ಕ, ಅಮ್ಮನನ್ನು ಕರೆದುಕೊಂಡು ಬರುತ್ತೀರಾ? ಭಾನುವಾರ ಬೇಡ, ಜನಜಂಗುಳಿ. ಹೊರಡುವ ಮುಂಚೆ ಫೋನ್ ಮಾಡಿ, ನೀರಿನ ಮಟ್ಟ ಕೇಳಿ ಹೇಳುತ್ತೇನೆ.

ಕುವೆಂಪುನಗರದ ಮಗಳು

ಬುಧವಾರ ಹೋಗಿ ಬಂದೆವು.

ಓವರ್‌ಸಿಯರ್ ಅವರು ಟೇಪ್ ಹಿಡಿದುಕೊಂಡು ಮಂಡ್ಯದಿಂದ ಬಸ್ಸಿನಲ್ಲಿ ಬಂದಿದ್ದರು. ಎಂಟು ಅಡಿಗೆ ನಾಲ್ಕು ಅಡಿಯ ಎರಡು ಪ್ಲೈವುಡ್ ಹಲಗೆ. ಎರಡಡಿಗೆ ಸೀಳಿಸೋಣ, ಹೊರಲು ಹಗುರ ಎಂದು ಅಣ್ಣ ಹೇಳಿದ್ದ. ಅವರು ಕುರ್ಚಿಯ ಅಗಲ ಅಳೆದು ಇಪ್ಪತ್ತೈದು ಇಂಚು ಎಂದು ತೋರಿಸಿದ ಮೇಲೆ ಸುಮ್ಮನಾದ. ಒಂದು ಹಲಗೆಯ ಮೇಲೆ ಕುರ್ಚಿ, ಹಿಂದಿನದನ್ನು ಎತ್ತಿ ಮುಂದಕ್ಕೆ, ಮತ್ತೆ ಕುರ್ಚಿ. ಹೀಗೆ ಹದಿನಾಲ್ಕು ಸಲ. ನೂರ ಹತ್ತು ಅಡಿ ದಾಟಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಹಿಮ್ಮುಖವಾಗಿ ಎಳೆಯುತ್ತಿದ್ದುದರಿಂದ ಅಮ್ಮನಿಗೆ ಹೊಳೆ ಕಾಣಿಸುತ್ತಿರಲಿಲ್ಲ, ಕಾರು ದೂರವಾಗುವುದು ಮಾತ್ರ ಕಾಣಿಸುತ್ತಿತ್ತು. ‘ಬಂತೇ, ಬಂತೇ’ ಎಂದು ಕೇಳುತ್ತಲೇ ಇದ್ದರು. ಚಪ್ಪಲಿ ಬಿಚ್ಚಿ ಪಾದ ಇಳಿಸಿದಾಗ ಬಲಗಾಲು ಒದರಿದರು, ತಣ್ಣಗಿತ್ತು. ಎಡಗಾಲಿಗೆ ಏನೂ ತಿಳಿಯಲಿಲ್ಲ. ಅದನ್ನೂ ಬಗ್ಗಿ ಕೈಯಿಂದ ಮುಟ್ಟಿ ನೋಡಿಕೊಂಡರು, ಒದ್ದೆಯಾಗಿದೆಯೇ ಎಂದು.

ಬಂದ ಮೇಲೆ ಆ ಘಟ್ಟದ ಅಳತೆಯನ್ನೂ ಮಾಡಿದೆವು. ಮೆಟ್ಟಿಲು ಇಪ್ಪತ್ತನಾಲ್ಕೇ, ಆಳ ಮಾತ್ರ ಹದಿಮೂರು ಅಡಿ ಎರಡು ಇಂಚು. ಕಂಬಿ ಮೂರು ಕಡೆ ಕಡಿದಿದೆ. ಅರ್ಜಿಯಲ್ಲಿ ಕಂಬಿ, ಉಬ್ಬು ಕಲ್ಲು, ಕೆಂಪು ದೀಪ, ಬೀಗವಿಲ್ಲದ ಶೌಚಾಲಯ ಮೊದಲು, ಬಿಚ್ಚಿ ಜೋಡಿಸುವ ದಾರಿ ಆಮೇಲೆ ಎಂದು ಬರೆದಿದ್ದೇವೆ. ಕಾವಲಿನವರ ಸಂಬಳವನ್ನು ಬೇರೆಯಾಗಿ ಕೇಳಿದ್ದೇವೆ. ಕಡತದವರು ಭಾಷೆ ತಿದ್ದಿಕೊಟ್ಟರು.

ಅರ್ಜಿಗೆ ಉತ್ತರ ಬರುವುದರೊಳಗೆ ಮಹಾಲಯ ಅಮಾವಾಸ್ಯೆ ಬರುತ್ತದೆ. ಅಷ್ಟರಲ್ಲಿ ತಲಕಾಡಿನ ಮರಳು ಇರುತ್ತದೋ, ಮುಳುಗಿರುತ್ತದೋ. ಇದ್ದರೆ ಕಿಟಕಿಯಲ್ಲಿ ಎಳನೀರು ಕುಡಿಯುವವರಲ್ಲಿ ಐದಾರು ಜನರನ್ನಾದರೂ ಕರೆದುಕೊಂಡು ಹೋಗೋಣ. ಇನ್ನೂ ಎರಡು ಹಲಗೆ ಬೇಕು.

ಹಣ್ಣುಕಾಯಿ ಅಂಗಡಿ

ನನ್ನ ಅಂಗಡಿಯ ಹಿಂದೆ ಇಟ್ಟುಕೊಳ್ಳಿ. ಅಲ್ಲಿಂದ ಗಾಡಿಗೆ ಹಾಕಿಕೊಂಡು ಹೋಗಬಹುದು. ಬಾಡಿಗೆ ಬೇಡ.

ಕಬ್ಬಿನಗದ್ದೆ

ರ‍್ಯಾಂಪ್ ಖರ್ಚಿನ ಬಗ್ಗೆ ನಾನು ಹೇಳಿದ್ದು ಹಾಗೆಯೇ ಇದೆ. ಹಲಗೆ ಎಷ್ಟು ದಪ್ಪದ್ದು? ಮನೆ ಕಟ್ಟಿಸಿದಾಗಿನ ಸೆಂಟ್ರಿಂಗ್ ಪ್ಲೈವುಡ್ ಹನ್ನೆರಡು ಎಂ.ಎಂ.ದು ಕೊಟ್ಟಿಗೆಯಲ್ಲಿ ಬಿದ್ದಿದೆ. ಒಂದು ಮೂಲೆ ಉಬ್ಬಿದೆ.

ನಿವೃತ್ತ ಓವರ್‌ಸಿಯರ್, ಮಂಡ್ಯ

ಹನ್ನೆರಡು ಸಾಕು. ಉಬ್ಬಿದ ಮೂಲೆಯನ್ನು ಹಿಂದಕ್ಕೆ ಹಾಕಿಕೊಳ್ಳೋಣ.